ಯಂತ್ರವು ಓದದ ಸಾಲುಗಳು

ಕಾಳಿದಾಸನ ಕಾವ್ಯಗಳನ್ನು ನಮ್ಮಲ್ಲಿ ಹೆಚ್ಚಿನವರು ಮಲ್ಲಿನಾಥನ ಕೈಹಿಡಿದೇ ಓದಿದವರು. ಮೂಲ ಎಲ್ಲಿ ಕಠಿನವಾಗುವುದೋ ಅಲ್ಲಿ ಕಣ್ಣು ತಾನಾಗಿ ಕೆಳಗಣ ವ್ಯಾಖ್ಯಾನದ ಕಡೆಗೆ ಇಳಿಯುತ್ತದೆ. ಹಳಗನ್ನಡ ಕಲಿಸುವ ಉಪಾಧ್ಯಾಯನಿಗಂತೂ ಟೀಕೆ, ಟಿಪ್ಪಣಿ, ಅರ್ಥಕೋಶ ಇವು ಬಲಗೈಯಿದ್ದಂತೆ. ಆದರೆ ನಮ್ಮ ಕಾಲದಲ್ಲಿಯೇ ಹುಟ್ಟಿದ ಒಂದು ಹೊಸಬಗೆಯ ಟಿಪ್ಪಣಿ ಸಾಹಿತ್ಯದ ಕಡೆಗೆ ವಿದ್ವಾಂಸರ ಗಮನ ಅಷ್ಟಾಗಿ ಹರಿದಿಲ್ಲ. ಕಂಪ್ಯೂಟರಿನ ಒಳತಿರುಳಾದ ಕ್ರಮವಿಧಿಯಲ್ಲಿ ಅದನ್ನು ಬರೆದವರೇ ಅಲ್ಲಲ್ಲಿ ಸೇರಿಸಿಟ್ಟ ಟಿಪ್ಪಣಿಗಳವು. ಅವುಗಳ ಇತಿಹಾಸದಲ್ಲಿ ಒಂದು ವಾಕ್ಯದ ಕತೆಯೂ ಒಬ್ಬ ಅಧ್ಯಾಪಕರ ಕತೆಯೂ ಹೆಣೆದುಕೊಂಡಿವೆ. ಆ ಎರಡನ್ನೂ ಇಲ್ಲಿ ವಾಚಕರ ಮುಂದಿಡಲು ಯತ್ನಿಸುತ್ತೇವೆ.

ವಿಷಯ ನಮಗೆ ದೂರದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಲಿನಕ್ಸ್ ವ್ಯವಸ್ಥೆಯ ಮೇಲೆ ನಡೆಯುತ್ತಿವೆ. ಆದುದರಿಂದ ಕಾಸರಗೋಡು, ಮಂಜೇಶ್ವರಗಳ ಕನ್ನಡ ಶಾಲೆಯ ಹುಡುಗರು ಯಂತ್ರದ ಗುಂಡಿಯನ್ನು ಒತ್ತಿದೊಡನೆ ಎಚ್ಚರಗೊಳ್ಳುವುದು ನಾವು ಮುಂದೆ ಹೇಳಲಿರುವ ವಂಶಕ್ಕೆ ಸೇರಿದ ತಿರುಳೇ.

ಮೊದಲು ಪರಿಭಾಷೆಯ ಮಾತು. ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿರುತ್ತವೆ. ಯಾವ ಕೆಲಸಕ್ಕೆ ಯಂತ್ರ ಯಾವಾಗ ಸಿಗಬೇಕು, ಯಾರಿಗೆ ಎಷ್ಟು ನೆನಪಿನ ಜಾಗ, ತಟ್ಟೆಯ ಮೇಲೆ ಬರೆಯುವುದು ಹೇಗೆ, ಇವನ್ನೆಲ್ಲ ನಿರ್ಣಯಿಸುವ ಮೂಲ ಕ್ರಮವಿಧಿಗೆ ಕರ್ನೆಲ್, ಎಂದರೆ ತಿರುಳು, ಎಂದು ಹೆಸರು. ಅದನ್ನು ಮನುಷ್ಯರು ಒಂದು ಕೃತಕ ಭಾಷೆಯಲ್ಲಿ ಬರೆಯುತ್ತಾರೆ. ಆ ಬರಹವೇ ಮೂಲಪಾಠ. ಕಂಪೈಲರ್ ಎಂಬ ಇನ್ನೊಂದು ಕ್ರಮವಿಧಿಯು ಅದನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಮಾರ್ಪಡಿಸುತ್ತದೆ. ಸಿ ಭಾಷೆಯಲ್ಲಿ ಓರೆಗೆರೆ ಮತ್ತು ನಕ್ಷತ್ರದ ಗುರುತುಗಳ ನಡುವೆ ಬರೆದುದೆಲ್ಲ ಟಿಪ್ಪಣಿ. ಕಂಪೈಲರು ಅದನ್ನು ಕಂಡೊಡನೆ ಹಾರಿಸಿಬಿಡುತ್ತದೆ. ಇದರಿಂದ ಎರಡು ಪರಿಣಾಮಗಳು. ಟಿಪ್ಪಣಿಯನ್ನು ಓದಬಲ್ಲವನು ಮನುಷ್ಯ ಮಾತ್ರ. ಮತ್ತು ಟಿಪ್ಪಣಿಯಲ್ಲಿ ಸುಳ್ಳಿದ್ದರೂ ಯಂತ್ರ ಅದನ್ನು ಹಿಡಿದುಕೊಡುವುದಿಲ್ಲ.

1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮರೇಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮತ್ತು ಅವರ ಕೆಲವು ಸಹೋದ್ಯೋಗಿಗಳು ಪಿಡಿಪಿ-7 ಎಂಬ ಚಿಕ್ಕ ಯಂತ್ರದ ಮೇಲೆ ಒಂದು ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದೇ ಯುನಿಕ್ಸ್. 1971ರ ನವೆಂಬರ್ 3ರ ತಾರೀಖು ಹೊತ್ತ ಅದರ ಮೊದಲ ಕೈಪಿಡಿಯಲ್ಲಿ ಒಂದು ವಿಶೇಷ ಕಾಣುತ್ತದೆ. ಒಂದೊಂದು ಆಜ್ಞೆಯ ವಿವರಣೆಯ ಕೊನೆಗೂ ‘ದೋಷಗಳು’ ಎಂಬ ಅರ್ಥದ ಒಂದು ಶೀರ್ಷಿಕೆ. ಅದರ ಕೆಳಗೆ ಈ ಆಜ್ಞೆ ಎಲ್ಲಿ ತಪ್ಪುತ್ತದೆ, ಏನು ಮಾಡಲಾರದು ಎಂಬುದರ ಒಪ್ಪಿಗೆ. ತಾನು ಮಾಡಿದ ಸಾಮಾನಿನ ಲೋಪವನ್ನು ತಾನೇ ಅದರ ಮೇಲೆ ಅಂಟಿಸಿ ಕೊಡುವ ಕುಶಲಿಗಳು ಅಪರೂಪ. ಮುಂದೆ ಬರುವ ಪ್ರಸಂಗವನ್ನು ತಿಳಿಯುವಾಗ ವಾಚಕರು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

1973ರಲ್ಲಿ ತಿರುಳನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಅದರಲ್ಲಿ ಟಿಪ್ಪಣಿಗಳು ಬಹಳ ಕಡಮೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಂದಿನ ಟೆಲಿಟೈಪ್ ಯಂತ್ರವು ಸೆಕೆಂಡಿಗೆ 10 ಅಕ್ಷರಗಳಂತೆ ಕಟಕಟನೆ ಕುಟ್ಟುತ್ತಿತ್ತು. ಹೆಚ್ಚಿನ ಮಾತೆಲ್ಲ ಕಾಯುವ ಹೊತ್ತನ್ನು ಹೆಚ್ಚಿಸುತ್ತಿತ್ತು. ಮೇಲಾಗಿ ಬರೆದವರೂ ಓದುವವರೂ ಒಂದೇ ಮೊಗಸಾಲೆಯ ಜನ. ಸಂದೇಹ ಬಂದವನು ಪಕ್ಕದ ಕೋಣೆಗೆ ಹೋಗಿ ಕೇಳಿದರಾಯಿತು. ಗುರುವಿನ ಬಳಿ ಕುಳಿತು ಕಲಿಯುವವನಿಗೆ ಟೀಕೆ ಬೇಕಾಗದು. ಗುರುವಿನಿಂದ ದೂರವಿರುವವನಿಗೆ ಅದರ ಅಗತ್ಯ.

ದೂರದ ಓದುಗರು ಬೇಗನೆ ಬಂದರು. ಬೆಲ್ ಪ್ರಯೋಗಾಲಯದ ಒಡೆಯರಾದ ಎ.ಟಿ. ಅಂಡ್ ಟಿ. ಸಂಸ್ಥೆಯು 1956ರ ಒಂದು ನ್ಯಾಯಾಲಯದ ಒಪ್ಪಂದಕ್ಕೆ ಕಟ್ಟುಬಿದ್ದು, ದೂರವಾಣಿಯ ಹೊರಗಿನ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯುನಿಕ್ಸನ್ನು ಮೂಲಪಾಠಸಮೇತ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ಕೊಟ್ಟಿತು. 1975ರಲ್ಲಿ ಹೊರಬಂದ ಆರನೆಯ ಆವೃತ್ತಿ ಹೀಗೆ ಹಲವು ದೇಶಗಳಿಗೆ ಹೋಯಿತು. ಅದರಲ್ಲಿಯೇ ಇದೆ ನಮ್ಮ ಕಥಾವಸ್ತುವಾದ ವಾಕ್ಯ.

ಆ ವಾಕ್ಯ ಬರುವ ಸ್ಥಳವನ್ನು ತಿಳಿಯಲು ನಮ್ಮ ಏಕೋಪಾಧ್ಯಾಯ ಶಾಲೆಯೊಂದನ್ನು ನೆನೆದರೆ ಸಾಕು. ಉಪಾಧ್ಯಾಯರು ಒಬ್ಬರೇ, ತರಗತಿಗಳು ನಾಲ್ಕು. ಎರಡನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದವರು ಅದನ್ನು ಅಲ್ಲಿಗೆ ಬಿಟ್ಟು ನಾಲ್ಕನೆಯದರ ಕಡೆ ತಿರುಗಬೇಕು. ತಿರುಗುವ ಮೊದಲು ಮಗ್ಗಿ ಎಲ್ಲಿಗೆ ನಿಂತಿತೆಂದು ಗುರುತು ಮಾಡಿಕೊಳ್ಳಬೇಕು, ಮರಳಿ ಬಂದಾಗ ಆ ಗುರುತಿನಿಂದ ಮುಂದುವರಿಸಬೇಕು. ಯಂತ್ರದ ಸ್ಥಿತಿಯೂ ಹಾಗೆಯೇ. ಒಂದು ಕೆಲಸವನ್ನು ಬಿಡುವಾಗ ಗುರುತಿಡುವ ವಿಧಿಗೆ ‘ಸೇವ್‌ಯು’ ಎಂದೂ, ಗುರುತಿಗೆ ಮರಳುವ ವಿಧಿಗಳಿಗೆ ‘ರೆಟ್‌ಯು’, ‘ಎರೆಟ್‌ಯು’ ಎಂದೂ ಯುನಿಕ್ಸಿನಲ್ಲಿ ಹೆಸರು. ಕೆಲಸದಿಂದ ಕೆಲಸಕ್ಕೆ ಹೊರಳುವ ವಿಧಿಯು ‘ಎಸ್‌ಎಲ್‌ಪಿ’ ಎಂಬ ಕಡತದಲ್ಲಿದೆ.

ಇಲ್ಲಿ ಒಂದು ತೊಡಕು. ಯಂತ್ರದ ನೆನಪು ಚಿಕ್ಕದಾದುದರಿಂದ ಕೆಲವೊಮ್ಮೆ ಒಂದು ಕೆಲಸವನ್ನು ಇಡಿಯಾಗಿ ನೆನಪಿನಿಂದ ಎತ್ತಿ ತಟ್ಟೆಯ ಮೇಲಿಡಬೇಕಾಗುತ್ತದೆ. ಕೋಣೆಯಲ್ಲಿ ಸ್ಥಳ ಸಾಲದೆ ಒಂದು ತರಗತಿಯನ್ನೇ ಜಗಲಿಗೆ ಕಳುಹಿಸಿದಂತೆ. ಅಂಥ ಕೆಲಸ ಮರಳಿ ಬಂದಾಗ ಮೊದಲಿನ ಗುರುತು ಉಪಯೋಗಕ್ಕೆ ಬಾರದು. ಎರಡನೆಯದೊಂದು ಗುರುತಿನಿಂದ ಮುಂದುವರಿಸಬೇಕು. ಆ ಗುರುತನ್ನು ಇಟ್ಟದ್ದು ಬೇರೊಂದು ವಿಧಿ. ಹೀಗಾಗಿ ‘ಮರಳು’ ಎಂಬ ಆಜ್ಞೆ ನಡೆದಾಗ ಅದು ತಾನಿರುವ ವಿಧಿಯಿಂದ ಮರಳುವುದಿಲ್ಲ. ಗುರುತಿಟ್ಟ ಆ ಬೇರೆ ವಿಧಿಯಿಂದಲೇ ಮರಳಿದಂತಾಗುತ್ತದೆ. ಒಂದು ಬಾಗಿಲಿನಿಂದ ಒಳಹೊಕ್ಕವನು ಇನ್ನೊಂದು ಮನೆಯ ಬಾಗಿಲಿನಿಂದ ಹೊರಬಂದಂತಹ ಚಮತ್ಕಾರ. ಆ ಸ್ಥಳದಲ್ಲಿ ಒಂದು ಟಿಪ್ಪಣಿಯಿದೆ. ಈ ಸಂಗತಿಯನ್ನೇ ಅದು ನಾಲ್ಕಾರು ಸಾಲುಗಳಲ್ಲಿ ಹೇಳಿ, ಕಟ್ಟಕಡೆಗೆ, ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆಯಿಲ್ಲ ಎಂಬ ಭಾವದ ಒಂದು ಪುಟ್ಟ ವಾಕ್ಯದಿಂದ ಮುಗಿಯುತ್ತದೆ.

ಈ ಪುಟ್ಟ ವಾಕ್ಯ ಪಡೆದ ಪ್ರಸಿದ್ಧಿ ಆಶ್ಚರ್ಯಕರವಾದುದು. ಅದನ್ನು ಅಂಗಿಗಳ ಮೇಲೆ ಅಚ್ಚುಹಾಕಿಸಿದರು. ಪಂಡಿತರ ಗರ್ವಕ್ಕೆ ಅದನ್ನು ನಿದರ್ಶನವಾಗಿ ಎತ್ತಿ ಆಡಿದರು. ‘ನಾವು ಬಲ್ಲವರು, ನೀವು ಅಜ್ಞರು’ ಎಂದು ಬೆಲ್ ಪ್ರಯೋಗಾಲಯದವರು ಜಗತ್ತಿಗೆ ಹೇಳಿದಂತೆ ಹಲವರಿಗೆ ಕೇಳಿಸಿತು. ವಾಕ್ಯವನ್ನು ಅದರ ಹಿಂದಣ ಸಾಲುಗಳಿಂದ ಕಿತ್ತು ಹಿಡಿದರೆ ಹಾಗೆಯೇ ಕೇಳಿಸುತ್ತದೆ. ಪ್ರಕರಣವನ್ನು ಬಿಟ್ಟು ಪದ್ಯವನ್ನು ಓದಿದರೆ ಏನಾಗುವುದೆಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ನಾವು ಹೇಳಬೇಕಾಗಿಲ್ಲ.

ವರ್ಷಗಳ ಮೇಲೆ ರಿಚಿಯವರು ಇದಕ್ಕೆ ಸಮಾಧಾನ ಬರೆದರು. ಬೆಲ್ ಪ್ರಯೋಗಾಲಯದ ಯುನಿಕ್ಸಿನಲ್ಲಿ ಟಿಪ್ಪಣಿಗಳು ಕಡಮೆಯೆಂಬ ಆಕ್ಷೇಪವನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಈ ಒಂದು ಸ್ಥಳದಲ್ಲಿ ಆ ಆಕ್ಷೇಪ ಸಲ್ಲದೆಂದರು. ಏಕೆಂದರೆ ಇಲ್ಲಿ ತಾವು ವಿವರಿಸಲು ಯತ್ನಿಸಿದ್ದುಂಟು. ಕೊನೆಯ ವಾಕ್ಯ ಸವಾಲಲ್ಲ. ಅಧ್ಯಾಪಕನು ತರಗತಿಯಲ್ಲಿ ‘ಇದು ಪರೀಕ್ಷೆಗೆ ಬರುವುದಿಲ್ಲ’ ಎನ್ನುತ್ತಾನಲ್ಲ, ಆ ಧಾಟಿಯ ಮಾತು. ಇದನ್ನು ಓದಿದಾಗ ನಮಗೆ ನಗು ಬಂತು. ನಮ್ಮಲ್ಲಿ ಆ ಮಾತನ್ನು ಆಡದವರು ಯಾರು?

ಅವರು ಮುಂದೆ ಹೇಳಿದ್ದು ಇನ್ನೂ ಮುಖ್ಯ. ನಿಜವಾದ ತೊಂದರೆಯೆಂದರೆ ಅಲ್ಲಿ ನಡೆಯುತ್ತಿದ್ದುದು ತಮಗೂ ಸರಿಯಾಗಿ ಅರ್ಥವಾಗಿರಲಿಲ್ಲವೆಂದು ಅವರು ಒಪ್ಪಿಕೊಂಡರು. ಒಂದು ವಿಧಿಯಲ್ಲಿ ಗುರುತಿಟ್ಟು ಇನ್ನೊಂದು ವಿಧಿಯಿಂದ ಮರಳುವ ಉಪಾಯ ಬುಡದಲ್ಲಿಯೇ ಮುರುಕಾಗಿತ್ತು. ಪಿಡಿಪಿ-11 ಯಂತ್ರದ ಕಂಪೈಲರು ಎಲ್ಲ ವಿಧಿಗಳಲ್ಲಿಯೂ ಒಂದೇ ರೀತಿಯಲ್ಲಿ ಗುರುತಿಡುತ್ತಿದ್ದುದರಿಂದ ಅದು ಹೇಗೋ ನಡೆಯುತ್ತಿತ್ತು. ಇಂಟರ್‌ಡೇಟಾ ಎಂಬ ಬೇರೆ ಯಂತ್ರಕ್ಕೆ ಯುನಿಕ್ಸನ್ನು ಒಯ್ದಾಗ ಅಲ್ಲಿನ ಕಂಪೈಲರಿನ ಪದ್ಧತಿ ಬೇರೆ; ಮರಳುವ ಕ್ರಮ ವಿಧಿಯಿಂದ ವಿಧಿಗೆ ವ್ಯತ್ಯಾಸವಾಗುತ್ತಿತ್ತು. ಚಮತ್ಕಾರ ಅಲ್ಲಿ ಕೆಟ್ಟಿತು. ಆದುದರಿಂದ 1979ರ ಏಳನೆಯ ಆವೃತ್ತಿಗಾಗಿ ಥಾಮ್ಸನ್ನರೂ ರಿಚಿಯವರೂ ಆ ಭಾಗವನ್ನೇ ಹೊಸದಾಗಿ ರಚಿಸಿದರು. ಹಳೆಯ ಉಪಾಯ ಹೋಯಿತು, ಅದರೊಡನೆ ಟಿಪ್ಪಣಿಯೂ ಹೋಯಿತು. ಅರ್ಥವಾಗಬೇಕಾಗಿಲ್ಲ ಎಂದು ಬರೆದ ಜಾಗವೇ ದೋಷವಿದ್ದ ಜಾಗವೂ ಆಗಿತ್ತು. ವಿವರಿಸಲು ಹೋಗಿ ಎಲ್ಲಿ ನಾಲಗೆ ತೊಡರಿತೋ ಅಲ್ಲಿ ಮೂಲದಲ್ಲಿಯೇ ಏನೋ ಕೊರತೆಯಿದೆಯೆಂದು ತಿಳಿಯಬೇಕು. ಪಾಠ ಹೇಳುವಾಗ ನಮಗೂ ಇದು ಅನುಭವಕ್ಕೆ ಬಂದದ್ದುಂಟು.

ಈ ಸಾಲನ್ನು ಬಲ್ಲವರು ‘2238ನೆಯ ಸಾಲು’ ಎಂದು ಕರೆಯುತ್ತಾರೆ. ಆ ಸಂಖ್ಯೆ ಬೆಲ್ ಪ್ರಯೋಗಾಲಯದವರು ಕೊಟ್ಟದ್ದಲ್ಲ. ಕೊಟ್ಟವರು ಆಸ್ಟ್ರೇಲಿಯದ ಸಿಡ್ನಿಯಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಜಾನ್ ಲಯನ್ಸ್. ಮರೇಹಿಲ್ಲಿನಿಂದ ಇಡೀ ಶಾಂತಸಾಗರವನ್ನು ದಾಟಿ ಹೋಗಬೇಕಾದ ಊರು. ಪಕ್ಕದ ಕೋಣೆಗೆ ಹೋಗಿ ಕೇಳುವ ಅನುಕೂಲ ಅಲ್ಲಿಲ್ಲ. ಲಯನ್ಸರಿಗೆ ತಮ್ಮ ವಿದ್ಯಾರ್ಥಿಗಳ ವಿಷಯದಲ್ಲಿ ಒಂದು ಕೊರಗಿತ್ತು. ಹುಡುಗರು ತಾವು ಬರೆದ ಪುಟ್ಟ ಕ್ರಮವಿಧಿಗಳನ್ನು ಬಿಟ್ಟರೆ ನುರಿತವರು ಬರೆದ ದೊಡ್ಡದೊಂದನ್ನು ಮೊದಲಿನಿಂದ ಕೊನೆಯವರೆಗೆ ಎಂದೂ ಓದುವುದಿಲ್ಲ. ಒಳ್ಳೆಯ ಗದ್ಯವನ್ನು ಓದದೆ ಗದ್ಯ ಬರೆಯಲು ಹೊರಟವರಂತೆ ಅವರು. ಯುನಿಕ್ಸಿನ ತಿರುಳಾದರೋ 10,000 ಸಾಲುಗಳಿಗಿಂತ ಕಡಮೆ. ಒಂದು ಅವಧಿಯಲ್ಲಿ ಓದಿ ಮುಗಿಸಬಹುದಾದ ಗ್ರಂಥ.

ಅದನ್ನು ಪಠ್ಯವಾಗಿಟ್ಟು ಲಯನ್ಸರು ಎರಡು ಸಂಪುಟಗಳನ್ನು ಸಿದ್ಧಪಡಿಸಿದರು. ಒಂದರಲ್ಲಿ ಸಾಲುಗಳಿಗೆ ಸಂಖ್ಯೆಯಿತ್ತು ಅಂದವಾಗಿ ಜೋಡಿಸಿದ ಮೂಲಪಾಠ, ಇನ್ನೊಂದರಲ್ಲಿ ಆ ಸಂಖ್ಯೆಗಳನ್ನು ಹಿಡಿದು ನಡೆಯುವ ವ್ಯಾಖ್ಯಾನ. ಒಂದಕ್ಕೆ ಕೆಂಪು ರಟ್ಟು, ಇನ್ನೊಂದಕ್ಕೆ ಕಿತ್ತಳೆ. 1976-77ರ ಹೊತ್ತಿಗೆ ಇವು ತರಗತಿಯಲ್ಲಿ ಬಳಕೆಗೆ ಬಂದವು. ಪದ್ಧತಿ ನಮಗೆ ಅಪರಿಚಿತವಲ್ಲ. ಮೂಲ ಬೇರೆ, ಟೀಕೆ ಬೇರೆ. ಟೀಕೆಯು ಮೂಲದ ಕ್ರಮವನ್ನು ಬಿಟ್ಟು ಅತ್ತಿತ್ತ ಹೋಗದು. ಮೂಲಕಾರರು ಎರಡು ಶಬ್ದಗಳಲ್ಲಿ ಮುಗಿಸಿದ ಸ್ಥಳಗಳನ್ನು ಲಯನ್ಸರು ಬಿಡಿಸಿ ಹೇಳಿದರು. ಎಲ್ಲಿ ಮೂಲ ಚೆನ್ನಾಗಿಲ್ಲವೋ ಅಲ್ಲಿ ಅದನ್ನೂ ಸೂಚಿಸಲು ಹಿಂಜರಿಯಲಿಲ್ಲ. ಅಧ್ಯಾಪಕನ ಟಿಪ್ಪಣಿಗೂ ಕರ್ತೃವಿನ ಟಿಪ್ಪಣಿಗೂ ಇರುವ ಅಂತರ ಇದು. ಕರ್ತೃವಿಗೆ ತನ್ನ ಉದ್ದೇಶ ಗೊತ್ತು, ಓದುಗ ಎಲ್ಲಿ ಎಡವುತ್ತಾನೆಂಬುದು ಗೊತ್ತಿಲ್ಲ. ಅಧ್ಯಾಪಕನಿಗೆ ಅದೇ ಗೊತ್ತಿರುವುದು.

ಆದರೆ ಮೂಲಪಾಠ ಸಂಸ್ಥೆಯ ಸ್ವತ್ತು. ಆದುದರಿಂದ ಪುಸ್ತಕ ಪರವಾನಗಿಯುಳ್ಳವರಿಗೆ ಮಾತ್ರ ಸಿಗುತ್ತಿತ್ತು. 1979ರಲ್ಲಿ ಏಳನೆಯ ಆವೃತ್ತಿ ಬಂದಾಗ ಅದರ ಪರವಾನಗಿಯಲ್ಲಿ ಹೊಸದೊಂದು ಷರತ್ತು ಕಾಣಿಸಿಕೊಂಡಿತು: ಮೂಲಪಾಠವನ್ನು ತರಗತಿಗಳಲ್ಲಿ ಪಾಠಮಾಡಕೂಡದು. ಯುನಿಕ್ಸಿಗೆ ವ್ಯಾಪಾರದ ಬೆಲೆಯಿದೆಯೆಂದು ಒಡೆಯರಿಗೆ ಆಗ ಹೊಳೆದಿತ್ತು. ಗ್ರಂಥ ಕಪಾಟಿನಲ್ಲಿ ಇರಬಹುದು, ಅಧ್ಯಾಪಕನು ಅದನ್ನು ಓದಬಹುದು, ಆದರೆ ಹುಡುಗರ ಮುಂದೆ ತೆರೆಯುವಂತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದು ವಿದ್ಯೆಯ ಇತಿಹಾಸದಲ್ಲಿ ದಾಖಲಿಸಬೇಕಾದ ಒಂದು ಅನ್ಯಾಯ. ಕಾನೂನಿನ ಮಾತು ಏನೇ ಇರಲಿ.

ಪರಿಣಾಮ ಎರಡು ಬಗೆಯಾಯಿತು. ಒಂದು, ಪ್ರತಿಗಳ ಪ್ರತಿಗಳು. ಲಯನ್ಸರ ಪುಸ್ತಕವನ್ನು ವಿದ್ಯಾರ್ಥಿಗಳು ಗುಟ್ಟಾಗಿ ಫೋಟೊಕಾಪಿ ಮಾಡಿ ಕೈಯಿಂದ ಕೈಗೆ ಸಾಗಿಸಿದರು. ಪ್ರತಿಯಿಂದ ಪ್ರತಿ ತೆಗೆಯುತ್ತ ಹೋದಂತೆ ಅಕ್ಷರಗಳು ಮಸುಕಾದವು, ಅಂಚಿನ ಸಂಖ್ಯೆಗಳು ಅರ್ಧ ಕಡಿದುಹೋದವು. ಹೊತ್ತಿಗೆ ಸರಿಯಾಗಿ ಕನ್ನಡ ಪಠ್ಯಪುಸ್ತಕ ಬಾರದೆ, ಹಳೆಯ ಪ್ರತಿಯನ್ನು ನಕಲುಮಾಡಿ ತಿಂಗಳುಗಟ್ಟಲೆ ತರಗತಿ ನಡೆಸಿದ ಗಡಿನಾಡ ಉಪಾಧ್ಯಾಯರಿಗೆ ಅಂತಹ ಪುಟಗಳ ರೂಪ ವರ್ಣಿಸಬೇಕಾದುದಿಲ್ಲ. ಹಲವು ವಿಶ್ವವಿದ್ಯಾಲಯಗಳು ಮೂಲವನ್ನು ಓದಿಸುವುದನ್ನೇ ಬಿಟ್ಟು ಬರಿಯ ಸಿದ್ಧಾಂತವನ್ನು ಬೋಧಿಸತೊಡಗಿದವು.

ಎರಡನೆಯ ಪರಿಣಾಮ ನಿಷೇಧಿಸಿದವರು ಎಣಿಸದೆ ಇದ್ದುದು. ಆಂಸ್ಟರ್‌ಡ್ಯಾಮಿನ ವ್ರಿಯೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು, ಪಾಠಕ್ಕೆ ಮೂಲ ದೊರೆಯದಿದ್ದರೆ ತಾನೇ ಒಂದನ್ನು ಬರೆಯುವೆನೆಂದು ಹೊರಟರು. ಯುನಿಕ್ಸಿನ ಒಂದು ಸಾಲನ್ನೂ ಬಳಸದೆ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ರಚಿಸಿ, 1987ರಲ್ಲಿ ತಮ್ಮ ಪಠ್ಯಪುಸ್ತಕದ ಕೊನೆಯಲ್ಲಿ ಅದರ ಮೂಲಪಾಠವನ್ನು ಅಚ್ಚುಮಾಡಿಸಿದರು. ಕಲಿಸಲೆಂದೇ ಬರೆದುದಾದ್ದರಿಂದ ಅದರಲ್ಲಿ ಟಿಪ್ಪಣಿಗಳ ಸಮೃದ್ಧಿ. ಆ ಪುಸ್ತಕವನ್ನು ಓದಿ, ಮಿನಿಕ್ಸನ್ನು ಕೊಂಡು ತನ್ನ ಯಂತ್ರದಲ್ಲಿ ನಡೆಸಿದವರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಒಬ್ಬ. 1991ರಲ್ಲಿ ಆತ ಹೊರತಂದ ತಿರುಳೇ ಲಿನಕ್ಸ್. ಪಾಠ ಹೇಳಬಾರದೆಂಬ ಷರತ್ತಿನಿಂದ ಮಿನಿಕ್ಸ್ ಹುಟ್ಟಿತು, ಮಿನಿಕ್ಸನ್ನು ಓದಿದವನಿಂದ ಲಿನಕ್ಸ್.

ಆ ಮೊದಲ ಲಿನಕ್ಸಿನ ಟಿಪ್ಪಣಿಗಳನ್ನು ಓದುವುದೊಂದು ವಿನೋದ. ಇಪ್ಪತ್ತೊಂದು ವರ್ಷದ ಹುಡುಗನ ಉತ್ಸಾಹ ಅಲ್ಲಿ ಎದ್ದು ಕಾಣುತ್ತದೆ. ಕೆಲಸಗಳ ಸರದಿಯನ್ನು ನಿಶ್ಚಯಿಸುವ ವಿಧಿಯ ಮೇಲೆ, ಇದು ಚೆನ್ನಾದ ರಚನೆ, ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗಿ ನಡೆಯುವುದು, ಇದನ್ನು ಬದಲಿಸಲು ಕಾರಣವೇ ಬರಲಾರದು ಎಂಬರ್ಥದ ಮಾತನ್ನು ದೊಡ್ಡಕ್ಷರಗಳೊಡನೆ ಬರೆದಿದ್ದಾನೆ. ಯುನಿಕ್ಸಿನಲ್ಲಿ ತಿರುಳು ಎಡವಿದ್ದು ಇದೇ ವಿಷಯದಲ್ಲಿ, ಕೆಲಸದಿಂದ ಕೆಲಸಕ್ಕೆ ಹೊರಳುವಲ್ಲಿ. ಹಿರಿಯರು ಅಲ್ಲಿ ಸಂಕೋಚದಿಂದ ಬರೆದರು. ಕಿರಿಯನು ಧೈರ್ಯದಿಂದ ಬರೆದನು. ಕಾಲ ಏನು ಮಾಡಿತು? ಸರದಿಯ ವಿಧಿಯನ್ನು 2003ರ 2.6ನೆಯ ಆವೃತ್ತಿಯ ಹೊತ್ತಿಗೆ ಹೊಸದಾಗಿ ಬರೆದರು, 2007ರಲ್ಲಿ 2.6.23ರಲ್ಲಿ ಮತ್ತೆ ಬೇರೊಂದನ್ನು ತಂದರು, 2023ರ 6.6ರಲ್ಲಿ ಅದರ ತತ್ತ್ವವನ್ನೂ ಬದಲಿಸಿದರು. ಆದರೂ ಆ ಹುಡುಗನ ಟಿಪ್ಪಣಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬರೆದ ದಿನ ಅವನಿಗೆ ಕಂಡದ್ದು ಅದೇ.

ಅಂದು ಸುಮಾರು 10,000 ಸಾಲುಗಳಿದ್ದ ಲಿನಕ್ಸ್ ತಿರುಳು ಇಂದು 3 ಕೋಟಿಯನ್ನು ಮೀರಿ ಬೆಳೆದಿದೆ. ಯಾವ ಲಯನ್ಸರೂ ಅದನ್ನು ಒಂದು ಅವಧಿಯಲ್ಲಿ ಪಾಠ ಹೇಳಲಾರರು. ಆದುದರಿಂದ ವಿವರಣೆಗೆಂದೇ ಮೂಲದೊಳಗೆ ಪ್ರತ್ಯೇಕ ವಿಭಾಗವೊಂದು ಬೆಳೆದಿದೆ. ಟಿಪ್ಪಣಿ ಬರೆಯುವ ನಿಯಮಗಳೂ ಅಲ್ಲಿವೆ. ವಿಧಿ ಏನು ಮಾಡುತ್ತದೆಂಬುದನ್ನು ಹೇಳು, ಹೇಗೆ ಮಾಡುತ್ತದೆಂಬುದನ್ನು ಟಿಪ್ಪಣಿಯಲ್ಲಿ ವಿವರಿಸಲು ಹೋಗಬೇಡ, ಹಾಗೆ ವಿವರಿಸಬೇಕಾಗಿ ಬಂದರೆ ರಚನೆಯನ್ನೇ ತಿದ್ದು ಎಂಬುದು ಅವುಗಳ ತಾತ್ಪರ್ಯ. 2238ನೆಯ ಸಾಲಿನ ಕತೆಯನ್ನು ಬಲ್ಲವರಿಗೆ ಈ ನಿಯಮ ಎಲ್ಲಿಂದ ಬಂತೆಂಬುದು ಹೊಸದಾಗಿ ತೋರದು. ಮುನ್ನೋಟವಿಲ್ಲದೆ ಮೂಲವನ್ನು ಬದಲಿಸಿ ಟಿಪ್ಪಣಿಯನ್ನು ಹಾಗೆಯೇ ಬಿಡುವ ದುರಭ್ಯಾಸ ಮಾತ್ರ ಅಲ್ಲಿಯೂ ನಿಂತಿಲ್ಲ.

ಸಿಡ್ನಿಯ ಅಧ್ಯಾಪಕರ ಪುಸ್ತಕ ಕಡೆಗೂ ಬೆಳಕಿಗೆ ಬಂತು. ಯುನಿಕ್ಸಿನ ಹಕ್ಕು ಕೈಯಿಂದ ಕೈಗೆ ಹೋಗಿ ಹೊಸ ಒಡೆಯರು ಒಪ್ಪಿದ ಮೇಲೆ 1996ರಲ್ಲಿ ಅದು ಬಹಿರಂಗವಾಗಿ ಅಚ್ಚಾಯಿತು. ಬರೆದು ಇಪ್ಪತ್ತು ವರ್ಷಗಳ ಮೇಲೆ. 1998ರ ಡಿಸೆಂಬರಿನಲ್ಲಿ ಲಯನ್ಸರು ತೀರಿಕೊಂಡರು. ಅವರ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಒಂದು ಪೀಠ ಸ್ಥಾಪನೆಯಾಗಿದೆ. 2002ರಲ್ಲಿ ಹಳೆಯ ಆವೃತ್ತಿಗಳ ಮೂಲಪಾಠವನ್ನೇ ಸರ್ವರಿಗೂ ಮುಕ್ತಗೊಳಿಸಲಾಯಿತು. ಅಮೆರಿಕದ ಎಂ.ಐ.ಟಿ.ಯಲ್ಲಿ ಮೊದಲು ಲಯನ್ಸರ ವ್ಯಾಖ್ಯಾನವನ್ನೇ ಇಟ್ಟು ಪಾಠ ಹೇಳಿ, 2006ರಲ್ಲಿ ಆರನೆಯ ಆವೃತ್ತಿಯ ಮಾದರಿಯಲ್ಲಿ ‘ಎಕ್ಸ್‌ವಿ6’ ಎಂಬ ಪುಟ್ಟ ತಿರುಳನ್ನು ಹೊಸದಾಗಿ ಬರೆದುಕೊಂಡರು.

ಕೊನೆಗೆ, ಭಾಷೆಯ ವಿಷಯವೊಂದನ್ನು ಹೇಳದೆ ಇರಲಾರೆವು. ಲಿನಕ್ಸಿನ ವಿವರಣೆಗಳಲ್ಲಿ ಅತ್ಯಂತ ಕಠಿನವೆನಿಸಿದ ಒಂದು, ಹಲವು ಸಂಸ್ಕಾರಕಗಳು ನೆನಪನ್ನು ಒಟ್ಟಿಗೆ ಬಳಸುವಾಗ ಓದುಬರಹಗಳ ಕ್ರಮವನ್ನು ಕಾಯುವ ತಡೆಗಳನ್ನು ಕುರಿತದ್ದು. ಅದರ ಕರ್ತೃಗಳು ಆರಂಭದಲ್ಲಿಯೇ, ಇದು ಅಪೂರ್ಣ, ಸಂಕ್ಷೇಪಕ್ಕಾಗಿ ಕೆಲವೆಡೆ ಬೇಕೆಂದೇ, ಮನುಷ್ಯರಾದ ಕಾರಣ ಕೆಲವೆಡೆ ತಿಳಿಯದೆ, ಎಂಬ ಅರ್ಥದಲ್ಲಿ ಒಪ್ಪಿಕೊಂಡಿದ್ದಾರೆ. 1971ರ ಕೈಪಿಡಿಯ ‘ದೋಷಗಳು’ ಎಂಬ ಶೀರ್ಷಿಕೆಯ ಧ್ವನಿಯೇ ಇದು. ಈ ಕಠಿನ ಲೇಖವನ್ನು 2016ರಲ್ಲಿ ಕೊರಿಯನ್ ಭಾಷೆಗೆ ತಂದು ತಿರುಳಿನ ಜೊತೆಯಲ್ಲಿಯೇ ಸೇರಿಸಿದರು. ಚೀನೀ, ಜಪಾನೀ, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿಯೂ ಇಂತಹ ವಿವರಣೆಗಳು ಅಲ್ಲಿ ಸೇರಿವೆ. ಕೊರಿಯನ್ ಪಾಠದ ತಲೆಯಲ್ಲಿ ಅನುವಾದಕರ ಒಂದು ಸೂಚನೆಯಿದೆ: ಮೂಲಕ್ಕೂ ಇದಕ್ಕೂ ವ್ಯತ್ಯಾಸ ಕಂಡವರು ತಿಳಿಸಬೇಕು, ಮೂಲದಿಂದ ಬೇರೆಯಾಗಿ ನಿಲ್ಲುವುದು ಇದರ ಉದ್ದೇಶವಲ್ಲ, ಇಂಗ್ಲಿಷ್ ಬಾರದವರಿಗೆ ಓದು ಸುಲಭವಾಗಲೆಂದು ಇದನ್ನು ಮಾಡಿದೆ ಎಂದು.